ಕಾಯುವ ಬೆಂಚು

ಜೂನ್ ೩, ಸೋಮವಾರ

ದಿನಚರಿ ಬರೆಯುವುದು ಪುರುಸೊತ್ತಿದ್ದವರ ಕೆಲಸ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು ನಾನು. ಈಗ ನಾನೇ ಶುರುಮಾಡಿದ್ದೇನೆ. ಮನೆಯಲ್ಲಿ ನನ್ನ ಮಾತಿಗೆ ತಿರುಗಿ ಮಾತಾಡುವವರಿಲ್ಲ, ಅದೇ ಕಾರಣ. ಅಪ್ಪನಿಗೆ ಪಾರ್ಶ್ವವಾಯು ಬಡಿದು ಕೆಲವು ತಿಂಗಳಾದವು. ಕೋಲು ಹಿಡಿದು ನಡೆಯುತ್ತಾರೆ, ಬಲಗೈಯೂ ಸ್ವಲ್ಪ ಮಾತು ಕೇಳುತ್ತದೆ. ಬಾಯಿ ಮಾತ್ರ ಕೇಳುವುದಿಲ್ಲ. ಒಂದು ಪದ ಬಂದು ಮುಂದಿನದು ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತದೆ.

ಇರಲಿ. ಇವತ್ತು ಒಳ್ಳೆಯ ದಿನ. ನಮ್ಮ ಸಂಜೆ ಕ್ಲಿನಿಕ್ ಬಾಗಿಲು ತೆರೆಯಿತು.

ಈ ಬಡಾವಣೆಯ ಹೆಂಗಸರು ಹಗಲೆಲ್ಲ ದುಡಿಯುತ್ತಾರೆ. ನಲವತ್ತು ದಾಟಿದವರಲ್ಲಿ ಮೂರರಲ್ಲೊಬ್ಬರಿಗೆ ಬಿಪಿ ಏರಿದೆ, ಬಹಳಷ್ಟು ಮಂದಿಗೆ ಅದು ಗೊತ್ತೇ ಇಲ್ಲ. ಇದು ನನ್ನ ಸಮೀಕ್ಷೆಯಲ್ಲಿ ಕಂಡದ್ದು. ದೊಡ್ಡಾಸ್ಪತ್ರೆ ಬಸ್ಸಿನ ದಾರಿ, ಅಲ್ಲಿ ಅರ್ಧ ದಿನ ಕಾಯಬೇಕು. ಹಾಗಾಗಿ ಹಳೇ ಅಂಚೆ ಕಚೇರಿಯ ಕಟ್ಟಡದಲ್ಲಿ ಕಾಯುವ ಕೆಲಸವೇ ಇಲ್ಲದ ಕ್ಲಿನಿಕ್ ಮಾಡಿದ್ದೇನೆ. ಬರಬೇಕಾದ ಹೊತ್ತು ಮೊಬೈಲಿಗೆ ಬರುತ್ತದೆ. ಒಂದು ಬಾಗಿಲಲ್ಲಿ ಒಳಗೆ, ಬಿಪಿ, ಸಕ್ಕರೆ, ಡಾಕ್ಟರು, ಮಾತ್ರೆ, ಇನ್ನೊಂದು ಬಾಗಿಲಲ್ಲಿ ಹೊರಗೆ. ಕುರ್ಚಿ ಎರಡೇ ಎರಡು. ಅದೂ ಬೇಕಾಗಲಾರದು.

ಆರು ತಿಂಗಳ ಪರೀಕ್ಷೆ ನಮಗೆ. ಫಲಾನುಭವಿಗಳು ಕಾಯುವ ಹೊತ್ತು ಸರಾಸರಿ ಹತ್ತು ನಿಮಿಷದೊಳಗಿದ್ದರೆ ಕ್ಲಿನಿಕ್ ಮುಂದುವರಿಯುತ್ತದೆ, ಬೇರೆ ಬಡಾವಣೆಗಳಿಗೂ ಹೋಗುತ್ತದೆ. ಇಲ್ಲದಿದ್ದರೆ ಮುಚ್ಚುತ್ತಾರೆ. ಆ ಷರತ್ತನ್ನು ಬರೆದುಕೊಟ್ಟವಳೂ ನಾನೇ. ಆರೋಗ್ಯ ಇಲಾಖೆಯ ಕಾರ್ಯದರ್ಶಿಗಳು ಓದಿ, "ಇದು ಅಳೆಯೋಕೆ ಬರೋಂಥದ್ದು" ಎಂದು ಖುಷಿಪಟ್ಟರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಟೀ ಲೋಟ ಹಿಡಿದುಕೊಂಡು, "ನಿಮ್ಮಮ್ಮ…" ಎಂದರು.

"ಹೌದಪ್ಪ, ಅಮ್ಮ ಇದ್ದಿದ್ರೆ ರಿಬ್ಬನ್ ಕತ್ತರಿಸೋಕೆ ಅವಳನ್ನೇ ಕರೀತಿದ್ದೆ" ಎಂದು ಮುಗಿಸಿದೆ. ಅಪ್ಪ ನನ್ನ ಮುಖ ನೋಡಿ ತಲೆಯಾಡಿಸಿದರು.

ಜೂನ್ ೨೦

ಮೊದಲ ವಾರ ಜಾತ್ರೆಯಂತಿತ್ತು. ಈಗ ನರ್ಸಮ್ಮ ಹತ್ತಿಯನ್ನು ಉಂಡೆ ಮಾಡಿ ಮಾಡಿ ಡಬ್ಬ ತುಂಬಿಸಿದ್ದಾಳೆ. ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ. ಮಾತ್ರೆ ಮುಗಿದಿರಬೇಕು, ಆದರೂ ಬರುತ್ತಿಲ್ಲ.

ನಮ್ಮ ಅಂಕಿಸಂಖ್ಯೆಯ ತಜ್ಞನಿಗೆ ಆಫೀಸಿನಲ್ಲೆಲ್ಲ ಲೆಕ್ಕಪ್ಪ ಎಂದೇ ಹೆಸರು. ಅವನು ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ: "ಮೇಡಂ, ಕಾಯೋ ಹೊತ್ತು ಸರಾಸರಿ ಎರಡೇ ನಿಮಿಷ. ದಾಖಲೆ ಇದು. ಯಾರೂ ಬರ್ದೇ ಇದ್ರೆ ಸೊನ್ನೆಗೇ ಇಳಿಸಬಹುದು."

ಅವನ ಹಲ್ಲು ಉದುರಿಸಬೇಕು ಅನ್ನಿಸಿತು.

ಜುಲೈ ೫, ಶುಕ್ರವಾರ

ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿದರು, ಎಲ್ಲರೂ ನಕ್ಕರು, ಯಾರೂ ಏನೂ ಹೇಳಲಿಲ್ಲ. "ಕೆಲ್ಸ ಇತ್ತು ಮೇಡಂ." "ಮರ್ತೇಹೋಯ್ತು ಮೇಡಂ." "ನಾಳೆ ಬರ್ತೀನಿ ಮೇಡಂ." ಈ ಮೂರು ಉತ್ತರಕ್ಕೆ ಇಡೀ ಸಂಜೆ ಹೋಯಿತು.

ಬೀದಿ ತುದಿಯಲ್ಲಿ ಇಸ್ತ್ರಿ ಮಾಡುವ ಒಬ್ಬ ಮಹಿಳೆ ಸಿಕ್ಕಳು. ಬಿಪಿ ಇದೆ. ಒಮ್ಮೆ ಬಂದು ಹೋದವಳು. ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತ, "ಬಂದಿದ್ನಲ್ಲ ಮೇಡಂ. ಹೋದೆ, ಬಂದೆ. ಅಷ್ಟೇ ಆಯ್ತು" ಎಂದಳು.

"ಅಷ್ಟೇ ಆಗ್ಲಿ ಅಂತಾನೇ ಮಾಡಿರೋದು. ನಿಮ್ಮ ಟೈಮ್ ಉಳೀಲಿ ಅಂತ."

"ಹೂಂ ಮೇಡಂ. ಉಳೀತು." ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ನನಗೆ ಮೈ ಉರಿಯಿತು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ?

ಜುಲೈ ೬

ಅಪ್ಪ ರಾತ್ರಿ ಊಟ ಬೇಡ ಎಂದರು. ನಾನೂ. ಬರೆಯುವಂಥದ್ದು ಏನೂ ಇಲ್ಲ.

ಜುಲೈ ೨೩, ಮಂಗಳವಾರ

ಅಪ್ಪನನ್ನು ತೋರಿಸಲು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಗಲು ಹೊತ್ತು ಅಪ್ಪನ ಜೊತೆಗಿರುವುದು ಚಿಕ್ಕಮ್ಮ, ಪಕ್ಕದ ಬೀದಿಯಿಂದ ಬರುತ್ತಾಳೆ. ಇವತ್ತು ಅವಳಿಗೇ ಮಂಡಿನೋವು, ಹಾಗಾಗಿ ನಾನು ರಜೆ ಹಾಕಿದೆ. ಹೊರರೋಗಿಗಳ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯುದ್ದಕ್ಕೂ ಬೆಂಚುಗಳು, ಫಿನಾಯಿಲ್ ವಾಸನೆ, ತಿರುಗಿದರೂ ಗಾಳಿ ಕೊಡದ ಫ್ಯಾನು. ನಮ್ಮ ಸರದಿ ಬರುವುದು ಮಧ್ಯಾಹ್ನವಾಗುತ್ತದೆ ಎಂದರು. ನಾನು ಕೌಂಟರಿನವನ ಜೊತೆ ಜಗಳಕ್ಕೆ ನಿಂತೆ. ಆಫೀಸಿನ ಗುರುತಿನ ಕಾರ್ಡು ತೋರಿಸಿದೆ. ಅವನು ಹೆದರಲಿಲ್ಲ.

ಸೋತು ತಿರುಗಿ ನೋಡಿದರೆ ಮೂರನೇ ಬೆಂಚಿನಲ್ಲಿ ನಮ್ಮ ಬಡಾವಣೆಯ ಇಸ್ತ್ರಿಯವಳು! ಕೆಲಸಕ್ಕೆ ರಜೆ ಹಾಕಿ, ಬಸ್ಸು ಹತ್ತಿ, ಬೆಳಗಿನಿಂದ ಇಲ್ಲಿ ಕೂತಿದ್ದಾಳೆ. ಸುತ್ತಲೂ ಅದೇ ಬೀದಿಯ ಹೆಂಗಸರು. ನಗು ಬೇರೆ. ನನಗಾದ ಅವಮಾನ ಅಷ್ಟಿಷ್ಟಲ್ಲ. ನೋಡದವಳಂತೆ ಹಿಂದಿನ ಬೆಂಚಿನಲ್ಲಿ ಕೂತೆ. ಅಪ್ಪ ಪಕ್ಕದಲ್ಲಿ.

ಬೇರೆ ಕೆಲಸವಿರಲಿಲ್ಲ, ಕೇಳಿಸಿಕೊಂಡೆ. ಅವರಲ್ಲೊಬ್ಬಳು ಅಂಗಿಗಳಿಗೆ ಕಾಜಾ ಹಾಕುವವಳು, ಗುಂಡಿ ತೂರುವ ತೂತಿನ ಸುತ್ತ ದಾರ ಹೊಲಿಯುವ ಕೆಲಸ. ನನ್ನ ಸಮೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಪಿ ಇದ್ದದ್ದು ಅವಳಿಗೇ. ಅವಳು ಸುಮ್ಮನೆ ಜೊತೆಗೆ ಬಂದಿದ್ದಳಂತೆ.

"ಬಂದಿದ್ದೀಯಲ್ಲ, ನೀನೂ ಚೀಟಿ ಮಾಡಿಸೇ" ಎಂದಳು ಇಸ್ತ್ರಿಯವಳು.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

"ನಾನೂ ಹಂಗೇ ಅಂತಿದ್ದೆ. ಒಂದಿನ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡ್ಕೊಂಡೇ ಕಣ್ಣು ಕತ್ತಲೆ ಬಂತು. ಗಿರಾಕಿಯ ಪ್ಯಾಂಟು ಸುಟ್ಟುಹೋಯ್ತು. ನೀನು ಯಾರ ಅಂಗಿ ಸುಡೋ ತನಕ ಕಾಯ್ತೀಯ?"

ಇನ್ನೊಬ್ಬಳು ಮಾತ್ರೆಯಿಂದ ತನಗೆ ಒಣಕೆಮ್ಮು ಬಂದದ್ದನ್ನೂ, ಡಾಕ್ಟರು ಬೇರೆ ಮಾತ್ರೆ ಕೊಟ್ಟದ್ದನ್ನೂ ಹೇಳಿದಳು. ಮತ್ತೊಬ್ಬಳು ಗಂಡನ ಊಟದಲ್ಲಿ ಉಪ್ಪು ಕಡಿಮೆ ಮಾಡಿ ಬೈಸಿಕೊಂಡ ಕಥೆಯನ್ನು ಅಭಿನಯಿಸಿಯೇ ತೋರಿಸಿದಳು. ಬೆಂಚೆಲ್ಲ ಅಲ್ಲಾಡುವಷ್ಟು ನಗು. ಕಾಜಾದವಳು ಕೊನೆಗೆ ಎದ್ದು ಕೌಂಟರಿನತ್ತ ಹೋದಳು. ಅರ್ಧಕ್ಕೆ ನಿಂತಳು. ಇವರೆಲ್ಲ ಒಟ್ಟಿಗೆ "ಹೋಗೇ, ಹೋಗು" ಎಂದರು. ಹೋದಳು. ಅಷ್ಟರಲ್ಲಿ ಚೀಟಿ ಕೊಡುವುದನ್ನು ನಿಲ್ಲಿಸಿದ್ದರು.

ಪಕ್ಕಕ್ಕೆ ನೋಡಿದರೆ ಅಪ್ಪನ ಭುಜ ಕುಲುಕುತ್ತಿತ್ತು. ನಗುತ್ತಿದ್ದರು.

ಜುಲೈ ೨೪

ಬೆಳಿಗ್ಗೆ ಆಫೀಸಿಗೆ ಹೋದವಳೇ ಲೆಕ್ಕಪ್ಪನ ಮುಂದೆ ಕೂತೆ. ನಾವು ಎಡವಿದ್ದು ಎಲ್ಲಿ ಎಂದು ಗೊತ್ತಾಯಿತು ಎಂದೆ. ಆಸ್ಪತ್ರೆಯಲ್ಲಿ ವ್ಯರ್ಥವಾಗುವುದು ಕಾಯುವ ಹೊತ್ತೊಂದೇ ಎಂದುಕೊಂಡು ನಾವು ಅದನ್ನು ಬೇರುಸಹಿತ ಕಿತ್ತೆವು. ಆದರೆ ಹೆದರಿದವಳಿಗೆ ಧೈರ್ಯ ಬರುವುದು ಆ ಹೊತ್ತಿನಲ್ಲೇ. ಡಾಕ್ಟರ ಹತ್ತಿರ ಕೇಳಲಾಗದ್ದನ್ನು ಪಕ್ಕದವಳ ಹತ್ತಿರ ಕೇಳುವುದೂ ಆಗಲೇ. ನಮ್ಮ ಕ್ಲಿನಿಕ್ಕಿನಲ್ಲಿ ಅವಳಿಗೆ ಪಕ್ಕದವಳೇ ಇಲ್ಲ. ಒಂಟಿಯಾಗಿ ಬಂದು ಒಂಟಿಯಾಗಿ ಹೊರಗೆ ಬೀಳುತ್ತಾಳೆ.

"ಹಾಗಾದ್ರೆ ಏನ್ ಮಾಡೋಣ ಅಂತೀರಿ?"

"ಕಾಯಿಸೋಣ."

ಲೆಕ್ಕಪ್ಪ ಕನ್ನಡಕ ತೆಗೆದ. "ಮೇಡಂ, ಸರಾಸರಿ ಹತ್ತು ದಾಟುತ್ತೆ. ಮುಚ್ತಾರೆ."

"ಹೀಗೇ ಇದ್ರೂ ಒಳಗೆ ಯಾರೂ ಇರಲ್ಲ. ಖಾಲಿ ಕ್ಲಿನಿಕ್ ಇಟ್ಕೊಂಡು ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಅವನು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, ಮೊದಲ ದಿನದ ದಾಖಲೆಯಿಂದಲೇ ಯಾರು ತಿರುಗಿ ಬಂದರು ಎಂಬುದನ್ನೂ ಬೇರೆಯಾಗಿ ಎಣಿಸುತ್ತೇನೆ ಎಂದ. ಅವನನ್ನು ನಾನು ಮನಸ್ಸಿನಲ್ಲಿ ಅಷ್ಟು ಬೈಯಬಾರದಿತ್ತು.

ಆಗಸ್ಟ್ ೨, ಶುಕ್ರವಾರ

ಬೆಂಚು ಕೊಡಿಸಿ ಎಂದು ಇಲಾಖೆಯನ್ನು ಕೇಳುವಂತಿಲ್ಲ. ಕಾಯುವುದೇ ಇಲ್ಲದ ಕ್ಲಿನಿಕ್ಕಿಗೆ ಬೆಂಚೇಕೆ ಎಂದಾರು. ಆಗ ನೆನಪಾದದ್ದು ನಮ್ಮ ಹಿತ್ತಲಿನ ಬೆಂಚು. ಅಪ್ಪ ಫೋಟೋ ಸ್ಟುಡಿಯೋ ಇಟ್ಟಿದ್ದಾಗ ಗಿರಾಕಿಗಳು ಕೂರುತ್ತಿದ್ದ ಉದ್ದನೆಯ ಮರದ ಬೆಂಚು. ಸ್ಟುಡಿಯೋ ಮುಚ್ಚಿದ ಮೇಲೆ ಅಮ್ಮ ಅದರ ಮೇಲೆ ಹೂಕುಂಡ ಜೋಡಿಸಿದ್ದಳು.

"ಅಪ್ಪ, ಬೆಂಚು ಕ್ಲಿನಿಕ್ಕಿಗೆ ತಗೊಂಡು ಹೋಗ್ಲಾ?" ಎಂದೆ. ಅಪ್ಪ ಕೋಲೂರಿಕೊಂಡು ಹಿತ್ತಲಿಗೆ ಬಂದರು. ಬೆಂಚಿನ ಒಂದು ತುದಿಯನ್ನು ಎಡಗೈಯಿಂದ ಸವರಿದರು. "ನಿಮ್ಮಮ್ಮ…" ಎಂದರು.

"ಗೊತ್ತಪ್ಪ, ಅಮ್ಮನ ಹೂಕುಂಡ. ಒಂದೂ ಒಡೀದ ಹಾಗೆ ಕೆಳಗಿಳಿಸ್ತೀನಿ."

ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಭಾವ ಇನ್ನೂ ಬಾಯಿ ತೆರ್ದಿರಲ್ಲ, ನೀನು ಅವ್ರ ಮಾತನ್ನ ಮುಗಿಸಿ ಕೈ ತೊಳ್ಕೊಂಡಿರ್ತೀಯ" ಎಂದಳು. ನನಗೆ ಗಾಡಿಯವನು ಬರುವ ಹೊತ್ತಾಗಿತ್ತು.

ಆಗಸ್ಟ್ ೧೩

ಬೆಂಚು ಹಾಕಿದ ಮಾತ್ರಕ್ಕೆ ಯಾರೂ ಬಂದು ಕೂರುವುದಿಲ್ಲ ಎಂದು ಗೊತ್ತಾಗಿದೆ. ಖಾಲಿ ಬೆಂಚು ಖಾಲಿ ಕುರ್ಚಿಗಿಂತ ಬಿಕೋ ಎನ್ನುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಕೊಡುವುದನ್ನು ನಿಲ್ಲಿಸಿ, ಒಂದು ಬೀದಿಯವರನ್ನೆಲ್ಲ ಒಂದೇ ಸಂಜೆ ಕರೆಯೋಣ ಎಂದಳು ನರ್ಸಮ್ಮ. ಹಾಗೇ ಮಾಡಿದೆವು. ಹಿಂದಿನ ಬಾಗಿಲನ್ನು ಹಾಗೇ ಬಿಟ್ಟಿದ್ದೇವೆ. ಯಾರ ಕಣ್ಣಿಗೂ ಬೀಳದೆ ಬಂದು ಹೋಗಬೇಕು ಎನ್ನುವವರೂ ಇರುತ್ತಾರಲ್ಲ.

ಚಿಕ್ಕಮ್ಮನ ಮಂಡಿನೋವು ಜಾಸ್ತಿಯಾಗಿ ಸಂಜೆ ಅಪ್ಪನನ್ನು ನೋಡಿಕೊಳ್ಳಲು ಯಾರೂ ಇಲ್ಲ. ಬೇರೆ ದಾರಿಯಿಲ್ಲದೆ ಜೊತೆಗೇ ಕರೆದುಕೊಂಡು ಹೋದೆ. ತಮ್ಮ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಇಸ್ತ್ರಿಯವಳು ಇಣುಕಿದಳು. ಅಪ್ಪನನ್ನು ನೋಡಿ, "ಅವತ್ತು ಆಸ್ಪತ್ರೇಲಿ ನಮ್ಮ ಮಾತು ಕೇಳಿ ನಗ್ತಿದ್ದವ್ರು ನೀವೇ ಅಲ್ವಾ?" ಎಂದು ಪಕ್ಕದಲ್ಲೇ ಕೂತಳು.

ಅಂದರೆ ನನ್ನನ್ನೂ ನೋಡಿದ್ದಾಳೆ!

ಆಗಸ್ಟ್ ೩೦, ಶುಕ್ರವಾರ

ಬೆಂಚು ಸಾಲದು. ಪಕ್ಕದ ಅಂಗಡಿಯಿಂದ ಇನ್ನೊಂದು ಎರವಲು ತಂದಿದ್ದೇವೆ. ಇವತ್ತು ಕಂಪ್ಯೂಟರ್ ಕೋಣೆಯಲ್ಲಿ ಸೆಕೆ ಎಂದು ನಾನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಸೆಪ್ಟೆಂಬರ್ ೧೭, ಮಂಗಳವಾರ

ಕಾಜಾ ಅಕ್ಕ ಬಂದಳು. ಅಂತೂ!

ಬಂದವಳು ಬಾಗಿಲ ಹತ್ತಿರದಿಂದ ಮುಂದಕ್ಕೆ ಬರಲಿಲ್ಲ. ಅವಳ ತಾಯಿಯೂ ಬಿಪಿ ಇದೆ ಎಂದು ಗೊತ್ತಾದ ವರ್ಷವೇ ತೀರಿಕೊಂಡರಂತೆ. ಗೊತ್ತಾಗದಿದ್ದರೆ ಏನೂ ಆಗುವುದಿಲ್ಲ ಎಂದು ಅವಳ ನಂಬಿಕೆ. ಮೊದಲೆಲ್ಲ ಇಂಥವರಿಗೆ ನಾನು ಚಿತ್ರಪಟ ಬಿಡಿಸಿ ರಕ್ತನಾಳ ತೋರಿಸುತ್ತಿದ್ದೆ. ಇವತ್ತು ಅದು ಎಲ್ಲಿತ್ತೋ ಸಿಗಲಿಲ್ಲ, ಇಸ್ತ್ರಿ ಅಕ್ಕನ ಪಕ್ಕ ಕೂತುಕೊಂಡೆ.

ಎಲ್ಲರೂ ಅವರವರ ಮಾತಾಡಿದರು. ಅವಳನ್ನು ಯಾರೂ ಒತ್ತಾಯಿಸಲಿಲ್ಲ. ಅಪ್ಪ ಮೆಲ್ಲಗೆ ತಮ್ಮ ಬಲಗೈ ಎತ್ತಿ ತೋರಿಸಿದರು. "ನಾನೂ… ತೋರಿಸ್ಕೊಳ್ಲಿಲ್ಲ" ಎಂದರು. ಎರಡು ಪದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ಬೆಂಚಿನವರು ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.

ಕಾಜಾ ಅಕ್ಕ ಬಂದು ತೋಳು ಚಾಚಿದಳು. ಬಿಪಿ ನೋಡಿ ನರ್ಸಮ್ಮನ ಮುಖ ಬಿಳಿಚಿತು, ಮಾತು ಮಾತ್ರ ತಣ್ಣಗಿತ್ತು. ಡಾಕ್ಟರು ಅಲ್ಲೇ ಕೂರಿಸಿಕೊಂಡು ಮಾತ್ರೆ ಕೊಟ್ಟು, ಇಳಿಯುವ ತನಕ ಬಿಡಲಿಲ್ಲ. ಬೆಂಚಿನವರೂ ಮನೆಗೆ ಹೋಗಲಿಲ್ಲ. ಅವಳು ಇವತ್ತು ಬರದೇ ಇದ್ದಿದ್ದರೆ?

ಅಪ್ಪ ತಮಗೆ ಮೊದಲೇ ಬಿಪಿ ಇದ್ದದ್ದು ಗೊತ್ತಿತ್ತು ಎಂದು ನನಗೆ ಹೇಳಿರಲಿಲ್ಲ. ಬೆಂಚಿಗೆ ಹೇಳಿದರು. ಸ್ವಲ್ಪ ಬೇಜಾರಾಯಿತು. ಇಡೀ ಊರಿನ ಬಿಪಿ ಅಳೆದವಳು ನಾನು.

ಅಕ್ಟೋಬರ್ ೮

ಕಾಜಾ ಅಕ್ಕನ ಬಿಪಿ ಇಳಿದಿದೆ! ಅವಳು ಈಗ ಬೇರೆಯವರನ್ನು ಗದರಿಸುವ ಮಟ್ಟಕ್ಕೆ ಬಂದಿದ್ದಾಳೆ. ಅಪ್ಪನನ್ನು ಅಲ್ಲಿ ಎಲ್ಲರೂ ಫೋಟೋ ಯಜಮಾನ್ರು ಎನ್ನುತ್ತಾರೆ. ಹಿಂದಿನ ಬಾಗಿಲಿಂದಲೇ ಬರುತ್ತಿದ್ದ ಬಸ್ ಡ್ರೈವರೊಬ್ಬರು ಇವತ್ತು ಮುಂದಿನ ಬಾಗಿಲಿಂದ ಬಂದು, ಜಾಗವಿಲ್ಲದೆ ನಿಂತೇ ಹರಟೆ ಹೊಡೆದರು.

ಅಕ್ಟೋಬರ್ ೨೫, ಶುಕ್ರವಾರ

ಇಲಾಖೆಯಿಂದ ಫೋನು. ಮೊದಲ ತಿಂಗಳು ಎರಡು ನಿಮಿಷವಿದ್ದ ಕಾಯುವ ಹೊತ್ತು ಈಗ ಮುಕ್ಕಾಲು ಗಂಟೆಯಾಗಿದೆ, ಇಷ್ಟು ಹದಗೆಟ್ಟ ಕ್ಲಿನಿಕ್ ಇನ್ನೊಂದಿಲ್ಲ, ಮುಂದಿನ ತಿಂಗಳ ಸಭೆಯಲ್ಲಿ ಮುಚ್ಚುವ ಪ್ರಸ್ತಾಪವಿದೆ ಎಂದರು.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೇನೆ. ಆ ಹತ್ತು ನಿಮಿಷ ನನ್ನದೇ ಅಕ್ಷರ. ಕ್ಲಿನಿಕ್ ಮುಚ್ಚಿದರೆ ಕಾಜಾ ಅಕ್ಕ ಎರಡು ತಿಂಗಳಲ್ಲಿ ಮಾತ್ರೆ ಬಿಡುತ್ತಾಳೆ, ನನಗೆ ಗೊತ್ತು. ಅತ್ತುಬಿಟ್ಟೆ. ಅಪ್ಪ ಪಕ್ಕದಲ್ಲಿ ಬಂದು ಕೂತರು. ಕತ್ತಲಾದ ಮೇಲೆ ದೀಪ ಹಾಕಿದೆ.

ನವೆಂಬರ್ ೧೨

ಲೆಕ್ಕಪ್ಪ ಎಣಿಸಿಟ್ಟದ್ದು ಉಪಯೋಗಕ್ಕೆ ಬರುತ್ತಿದೆ. ಮೊದಲ ತಿಂಗಳು ಬಂದವರಲ್ಲಿ ಕಾಲುಭಾಗವೂ ಮತ್ತೆ ಬಂದಿರಲಿಲ್ಲ. ಈಗ ಮುಕ್ಕಾಲುಭಾಗ ಬರುತ್ತಾರೆ, ಹೆಚ್ಚಿನವರ ಬಿಪಿ ಇಳಿದಿದೆ. "ಆದ್ರೆ ಮೇಡಂ, ಇದೆಲ್ಲ ಬೆಂಚಿಂದಾನೇ ಆಯ್ತು ಅಂತ ಹೇಳೋ ಹಾಗಿಲ್ಲ. ಆಗಸ್ಟಲ್ಲಿ ಬಂದ ಹೊಸ ಡಾಕ್ಟರ ಕೈಗುಣಾನೂ ಇರಬಹುದು" ಎಂದ. ಸರಿ, ಹಾಗೇ ಹೇಳುತ್ತೇನೆ ಎಂದೆ. ನಲವತ್ತು ಸ್ಲೈಡ್ ಮಾಡಿಟ್ಟಿದ್ದೆ, ನಾಲ್ಕು ಇಟ್ಟುಕೊಂಡೆ.

ನವೆಂಬರ್ ೨೮, ಗುರುವಾರ

ಸಭೆ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಉದ್ದ ಮೇಜು, ಎಲ್ಲರ ಮುಂದೂ ಮುಚ್ಚಳ ಹಾಕಿದ ನೀರಿನ ಲೋಟ. ಕಾರ್ಯದರ್ಶಿಗಳು ಹಾಳೆ ತಿರುವಿ ಹಾಕಿ, "ಅಂದ್ರೆ, ಜನ ಜಾಸ್ತಿ ಹೊತ್ತು ಕಾದ್ರು ಅಂತ ನಾವು ನಿಮಗೆ ಶಭಾಷ್ ಅನ್ಬೇಕಾ?" ಎಂದರು. ಮೇಜಿನ ಸುತ್ತ ನಗು.

"ಕಾದ್ರು ಅಂತ ಅಲ್ಲ ಸಾರ್, ತಿರುಗಿ ಬಂದ್ರು ಅಂತ."

"ಹತ್ತು ನಿಮಿಷ ಅಂತ ಬರ್ಕೊಟ್ಟವ್ರು ನೀವೇ."

"ಹೌದು ಸಾರ್. ಅಳತೇನೇ ತಪ್ಪಾಗಿತ್ತು."

ಬೆಂಚಿನ ವಿಷಯ ಹೇಳಿದೆ. ಕಾಜಾ ಅಕ್ಕನ ವಿಷಯ, ಅವಳು ಯಾರೆಂದು ಗೊತ್ತಾಗದ ಹಾಗೆ. ಲೆಕ್ಕಪ್ಪನ ಅನುಮಾನವನ್ನೂ ಹೇಳಿದೆ. ಒಂದು ವರ್ಷ ಕೊಡಿ, ಒಂದು ಬಡಾವಣೆಯಲ್ಲಿ ಬೆಂಚಿಟ್ಟು, ಇನ್ನೊಂದರಲ್ಲಿ ಇಡದೆ ನೋಡೋಣ, ಅಳೆಯುವುದಾದರೆ ಎಷ್ಟು ಜನ ತಿರುಗಿ ಬಂದರು, ಎಷ್ಟು ಜನರ ಬಿಪಿ ಇಳಿಯಿತು ಎಂದು ಅಳೆಯೋಣ ಎಂದೆ. ಅಷ್ಟೇ.

ಕಾರ್ಯದರ್ಶಿಗಳು ಲೋಟದ ಮುಚ್ಚಳವನ್ನು ತಿರುಗಿಸುತ್ತ ಕೂತರು. ಲೆಕ್ಕಪ್ಪ ಮೇಜಿನಡಿಯಲ್ಲಿ ನನ್ನ ಕಾಲು ತುಳಿದ, ಏನಾದರೂ ಹೇಳಿ ಎಂದು. ಕಿಟಕಿಯಾಚೆ ಯಾರೋ ಸ್ಟಾರ್ಟ್ ಆಗದ ಸ್ಕೂಟರನ್ನು ಒದೆಯುತ್ತಲೇ ಇದ್ದರು. ನಾನು ಅವರ ಮುಖ ನೋಡುತ್ತ ಕೂತಿದ್ದೆ. ಸ್ಕೂಟರು ಹೊರಟುಹೋಯಿತು.

"ನಾನೂ ಮಾತ್ರೆ ಬಿಟ್ಟು ಮೂರು ತಿಂಗಳಾಯ್ತು" ಎಂದರು ಅವರು, ಲೋಟಕ್ಕೆ ಹೇಳುವವರಂತೆ. ಈ ಸಲ ಯಾರೂ ನಗಲಿಲ್ಲ. ಸ್ವಲ್ಪ ತಡೆದು, "ಅಲ್ಲಿ ಕೂತವ್ರು ಏನು ಮಾತಾಡ್ತಾರೆ?" ಎಂದರು.

"ಉಪ್ಪಿನ ವಿಷ್ಯ ಸಾರ್. ಸುಟ್ಟುಹೋದ ಪ್ಯಾಂಟಿನ ವಿಷ್ಯ. ಒಂದ್ಸಲ ಬಂದು ಕೂತ್ಕೊಳ್ಳಿ."

ಒಂದು ವರ್ಷ ಸಿಕ್ಕಿತು. ಇನ್ನೆರಡು ಬಡಾವಣೆಗಳೂ ಸಿಕ್ಕವು. ಹತ್ತು ನಿಮಿಷದ ಷರತ್ತು ಹೋಯಿತು. ಹೊರಗೆ ಬಂದು ಲೆಕ್ಕಪ್ಪ, "ಆ ಹೊತ್ತಲ್ಲಿ ನಂಗೆ ಎದೆ ಬಾಯಿಗೆ ಬಂದಿತ್ತು. ನೀವು ಹೇಗೆ ಸುಮ್ನಿದ್ರಿ?" ಎಂದು ಕೇಳಿದ. ಯಾವ ಹೊತ್ತಲ್ಲಿ ಎಂದು ನನಗೆ ಅರ್ಥವಾಗಲಿಲ್ಲ.

ಡಿಸೆಂಬರ್ ೧, ಭಾನುವಾರ

ಇವತ್ತು ಏನೂ ಕೆಲಸವಿರಲಿಲ್ಲ. ಸಂಜೆ ಹಾಲು ಕಾಯಲು ಇಟ್ಟು ಹಿತ್ತಲಿಗೆ ಬಂದರೆ ಅಪ್ಪ ಮೆಟ್ಟಿಲ ಮೇಲೆ ಕೂತು, ಬೆಂಚಿದ್ದ ಜಾಗವನ್ನು ನೋಡುತ್ತಿದ್ದರು. ನಾಲ್ಕು ಕಾಲುಗಳ ಗುರುತು ಮಣ್ಣಿನಲ್ಲಿ ಇನ್ನೂ ಇದೆ. ಇಲಾಖೆಯಿಂದ ಹೊಸ ಬೆಂಚುಗಳು ಬರುತ್ತವಂತೆ, ಆಮೇಲೆ ನಮ್ಮದನ್ನು ವಾಪಸ್ ತರಬಹುದು ಎಂದೆ. ಬೇಡ ಎಂದು ತಲೆಯಾಡಿಸಿದರು. ನಾನೂ ಪಕ್ಕದಲ್ಲಿ ಕೂತೆ.

"ನಿಮ್ಮಮ್ಮ…" ಎಂದರು.

ಗೋಡೆಯ ಮೇಲೆ ಒಂದು ಬೆಕ್ಕು ಈ ತುದಿಯಿಂದ ಆ ತುದಿಗೆ ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ತೆಗೆಯುತ್ತಿದ್ದರು.

"…ಫೋಟೋ ತೆಗೆಸ್ಕೊಳ್ಳೋಕೆ… ಬಂದಿದ್ಲು. ಆಗ… ಗುರುತಿಲ್ಲ, ಪರಿಚಯ ಇಲ್ಲ."

ಒಳಗೆ ಹಾಲು ಉಕ್ಕುವ ವಾಸನೆ ಬಂತು. ಉಕ್ಕಲಿ ಎಂದು ಬಿಟ್ಟೆ.

"ಆ ಬೆಂಚಿನ ಮೇಲೆ… ಕೂರ್ಸಿದ್ದೆ. ಕ್ಯಾಮೆರಾ… ಕೆಟ್ಟಿದೆ, ರಿಪೇರಿ ಮಾಡ್ತಿದ್ದೀನಿ… ಕಾಯ್ಬೇಕು ಅಂದೆ. ಸಾಯಂಕಾಲದ ತನಕ… ಕಾದ್ಲು. ಮಾತಾಡ್ತಾ… ಮಾತಾಡ್ತಾ."

ಅಪ್ಪ ನನ್ನ ಕಡೆ ತಿರುಗಿದರು. ಅವರ ಬಾಯಿಯ ಒಂದು ಪಕ್ಕ ಮಾತ್ರ ನಗುತ್ತದೆ ಈಗ. ಆ ಪಕ್ಕ ಚೆನ್ನಾಗಿಯೇ ನಗುತ್ತಿತ್ತು.

"ಕ್ಯಾಮೆರಾ… ಸರಿಯಾಗೇ ಇತ್ತು."

ಒಲೆ ಒರೆಸುವಾಗಲೂ ನನಗೆ ನಗು ತಡೆಯಲಾಗಲಿಲ್ಲ. ಹಾಲಿಲ್ಲದ ಟೀ ಮಾಡಿಕೊಂಡು ಇಬ್ಬರೂ ಮತ್ತೆ ಮೆಟ್ಟಿಲ ಮೇಲೆ ಬಂದು ಕೂತೆವು.